ಗೀಸರ್ ಉಪ್ಪು, ಗದ್ದೆ ಕೆಸರು: ಬಿಸಿನೀರಿನ ಬುಗ್ಗೆಯನ್ನು ಮನೆಯಲ್ಲೇ ನೋಡುವ ಬಗೆ

ಗೀಸರ್ ರಿಪೇರಿ ನನ್ನ ಕೆಲಸ. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕಾವೇರಿ ನೀರು ಬರುವ ಮನೆಗಳಲ್ಲಿ ತೊಂದರೆ ಕಡಿಮೆ. ಬೋರ್ ನೀರಿನ ಬಡಾವಣೆಗಳಲ್ಲಿ ಗೀಸರ್ ಬಿಚ್ಚಿದರೆ ಕೆಲವು ಸಲ ಕಾಯಿಲ್ ಕಾಣಿಸುವುದೇ ಇಲ್ಲ. ಸುತ್ತಲೂ ಬಿಳಿ ಹಕ್ಕಳೆ. "ಉಪ್ಪು ಕಟ್ಟಿದೆ ಅಮ್ಮಾ" ಎಂದು ಮನೆಯವರಿಗೆ ಹೇಳುತ್ತೇವೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಹೆಂಚಿನ ಚೂರಿನ ಹಾಗೆ ಕಳಚಿ ಬೀಳುತ್ತದೆ.

ಮೂರು ವರ್ಷದ ಹಿಂದೆ ಅಂಥ ಒಂದು ಚೂರು ನನ್ನ ಜೇಬಿನಲ್ಲೇ ಉಳಿದು ಮನೆಗೆ ಬಂತು. ಮಗಳು ಆಗ ಬಿಎಸ್ಸಿ ಓದುತ್ತಿದ್ದಳು. ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಳು. "ಅಪ್ಪಾ, ಇದು ಉಪ್ಪಲ್ಲ, ಕಲ್ಲು. ಬಿಸಿನೀರಿನ ಬುಗ್ಗೆ ಪಕ್ಕದಲ್ಲಿ ಬೆಳೆಯುತ್ತಲ್ಲ, ಆ ಜಾತಿ ಕಲ್ಲು" ಎಂದಳು. ನಾನೂ ನೋಡಿದೆ. ಒಂದು ರೂಪಾಯಿ ನಾಣ್ಯದ ದಪ್ಪವೂ ಇಲ್ಲದ ಚೂರಿನಲ್ಲಿ ಬಿಳಿ, ಕಂದು, ಮತ್ತೆ ಬಿಳಿ ಎಂದು ಪದರದ ಮೇಲೆ ಪದರ. ಅಷ್ಟು ವರ್ಷ ನಾನು ಅದನ್ನು ಚೀಲಕ್ಕೆ ತುಂಬಿ ಕಸಕ್ಕೆ ಹಾಕುತ್ತಿದ್ದೆ.

ಗೀಸರ್ ಎನ್ನುವ ಹೆಸರೇ ಬುಗ್ಗೆಯಿಂದ ಬಂದದ್ದು ಎಂದೂ ಅವಳೇ ಹೇಳಿದಳು. ಐಸ್‌ಲ್ಯಾಂಡಿನಲ್ಲಿ ಬಿಸಿನೀರು ಚಿಮ್ಮುವ ಒಂದು ಬುಗ್ಗೆಯ ಹೆಸರು ಗೇಸಿರ್. ಉಕ್ಕಿ ಚಿಮ್ಮುವುದು ಎಂದು ಅರ್ಥ. ಆ ಹೆಸರು ಊರೂರು ಸುತ್ತಿ ನಮ್ಮ ಬಚ್ಚಲುಮನೆಯ ಡಬ್ಬಿಗೆ ಅಂಟಿಕೊಂಡಿದೆ.

ಅವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಬುಗ್ಗೆಯ ಪಕ್ಕದ ಕಲ್ಲನ್ನು ಕಟ್ಟಿದ್ದು ಯಾರು? ಬರೀ ನೀರೋ, ನೀರಿನಲ್ಲಿರುವ ಸೂಕ್ಷ್ಮಜೀವಿಗಳೋ? ಇದನ್ನು ತಿಳಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಗಾಜಿನ ಬಾಟಲಿ, ಬೋರ್ ನೀರು, ಗದ್ದೆಯ ಕೆಸರು, ಎರಡು ತಿಂಗಳ ತಾಳ್ಮೆ ಇದ್ದರೆ ಅರ್ಧಕ್ಕಿಂತ ಜಾಸ್ತಿ ಕಣ್ಣಾರೆ ನೋಡಬಹುದು. ನಾನು ಮಾಡಿದ್ದನ್ನು ಹಾಗೇ ಹೇಳುತ್ತೇನೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡಬೇಕು. ಯಾವ ಪ್ರಯೋಗಕ್ಕೂ ಒಂದೇ ಬಾಟಲಿ ಇಡಬೇಡಿ, ಜೋಡಿ ಇಡಿ. ಒಂದರಲ್ಲಿ ಜೀವ ಇರಲಿ, ಇನ್ನೊಂದರಲ್ಲಿ ಇರದಿರಲಿ. ಇಲ್ಲವೇ ಒಂದು ಬೆಳಕಿನಲ್ಲಿ, ಇನ್ನೊಂದು ಕತ್ತಲಲ್ಲಿ. ಜೋಡಿ ಇಲ್ಲದಿದ್ದರೆ ಯಾರು ಏನು ಮಾಡಿದರು ಎಂದು ಹೇಳಲು ಆಗುವುದೇ ಇಲ್ಲ.

ಮೊದಲು ಹಕ್ಕಳೆಯನ್ನು ಓದಿ

ಚೂರು ಎಲ್ಲಿ ಸಿಗುತ್ತದೆ? ನೀವು ಗೀಸರ್ ಬಿಚ್ಚಲು ಹೋಗಬೇಡಿ, ಕರೆಂಟಿನ ವಿಷಯ. ರಿಪೇರಿಯವರು ಬಂದಾಗ ಕೇಳಿ, ಸಂತೋಷದಿಂದ ಕೊಡುತ್ತಾರೆ. ಹಳ್ಳಿಮನೆಯಲ್ಲಿ ಹಂಡೆ ಇದ್ದರೆ ಇನ್ನೂ ಒಳ್ಳೆಯದು. ಪಾಂಡವಪುರದ ಹತ್ತಿರ ನಮ್ಮೂರಿನ ಮನೆಯಲ್ಲಿ ಈಗಲೂ ತಾಮ್ರದ ಹಂಡೆಯಿದೆ. ನಮ್ಮವ್ವ ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಾಕಿ ಅದರ ಒಳಗನ್ನು ಉಜ್ಜುತ್ತಾರೆ. ಸುಣ್ಣ ಬಿಡಿಸಲು ಹುಳಿ ಬೇಕು ಎನ್ನುವುದು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಚೂರನ್ನು ಎರಡು ತುಂಡು ಮಾಡಿ. ಹೊಸದಾಗಿ ಮುರಿದ ಅಂಚನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಆಮೇಲೆ ಒಂದು ತುಂಡಿನ ಮೇಲೆ ಬಿಳಿ ವಿನೆಗರ್ ಇಲ್ಲವೇ ನಿಂಬೆರಸದ ಎರಡು ಹನಿ ಬಿಡಿ. ಚುರುಚುರು ಎಂದು ಗುಳ್ಳೆ ಎದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು. ಗುಳ್ಳೆಯಲ್ಲಿರುವುದು ಇಂಗಾಲದ ಡೈಆಕ್ಸೈಡ್. ಗುಳ್ಳೆಯೇ ಏಳದಿದ್ದರೆ ಜಿಪ್ಸಂ, ಸಿಲಿಕಾದಂಥ ಬೇರೆ ಖನಿಜ ಇರಬಹುದು. ಇನ್ನೊಂದು ತುಂಡನ್ನು ಅರ್ಧ ಲೋಟ ವಿನೆಗರಿನಲ್ಲಿ ರಾತ್ರಿ ಪೂರ್ತಿ ನೆನೆಯಲು ಬಿಡಿ. ಬೆಳಿಗ್ಗೆ ಬಿಳಿ ಭಾಗ ಕರಗಿರುತ್ತದೆ, ತಳದಲ್ಲಿ ಕಂದು ಪುಡಿ ಕೂತಿರುತ್ತದೆ. ಹೆಚ್ಚಿನ ಸಲ ಅದು ಕಬ್ಬಿಣದ ತುಕ್ಕು. ನಮ್ಮ ಕೆಲಸದಲ್ಲಿ ಬಳಸುವ ಗಟ್ಟಿ ಆಸಿಡ್ ಮಾತ್ರ ಇದಕ್ಕೆ ಬೇಡವೇ ಬೇಡ. ಅದರ ಹೊಗೆ ಎದೆ ಸುಡುತ್ತದೆ.

ಈ ಸುಣ್ಣ ಬಂದದ್ದು ಹೀಗೆ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಬೇರುಗಳೂ ಬ್ಯಾಕ್ಟೀರಿಯಾಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ನೀರಿಗೆ ಚೂರು ಹುಳಿ ಬರುತ್ತದೆ. ಆ ಹುಳಿ ನೀರು ಕಲ್ಲಿನಿಂದ, ಮಣ್ಣಿನಲ್ಲಿರುವ ಸುಣ್ಣದ ಹರಳುಗಳಿಂದ ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತದೆ. ಗೀಸರಿನಲ್ಲಿ ಕಾದಾಗ ಆ ಗಾಳಿ ನೀರನ್ನು ಬಿಟ್ಟು ಹೋಗುತ್ತದೆ. ಸುಣ್ಣವನ್ನು ಕರಗಿಸಿ ಹಿಡಿದಿದ್ದ ಹುಳಿಯೇ ಹೋದ ಮೇಲೆ ಅದು ಕಲ್ಲಾಗಿ ಕೂರುತ್ತದೆ.

ಎಷ್ಟು ಸುಣ್ಣ ಎಂದು ಒಮ್ಮೆ ಲೆಕ್ಕ ಹಾಕಿದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಆಗಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ನಡುವೆ 300 ಎಂದಿಟ್ಟುಕೊಳ್ಳಿ. ದಿನಕ್ಕೆ 60 ಲೀಟರ್ ಬಿಸಿನೀರು ಬಳಸುವ ಮನೆಯಲ್ಲಿ ದಿನಕ್ಕೆ 18 ಗ್ರಾಂ, ವರ್ಷಕ್ಕೆ ಆರೂವರೆ ಕಿಲೋ ಕಲ್ಲು ಆ ಪೈಪಿನಲ್ಲಿ ಕರಗಿದ ರೂಪದಲ್ಲಿ ಹಾದು ಹೋಗುತ್ತದೆ! ಕಾಯಿಲಿಗೆ ಕಟ್ಟುವುದು ಅದರಲ್ಲಿ ಸ್ವಲ್ಪ ಮಾತ್ರ. ಹಗಲೂ ರಾತ್ರಿ ಹರಿಯುವ ಒಂದು ಬುಗ್ಗೆ ಸಾವಿರಾರು ವರ್ಷದಲ್ಲಿ ಎಷ್ಟು ಕಟ್ಟಬಹುದು, ನೀವೇ ಯೋಚಿಸಿ. ಟರ್ಕಿಯ ಪಮುಕ್ಕಲೆಯಲ್ಲಿ ಒಂದಿಡೀ ಬೆಟ್ಟದ ಇಳಿಜಾರು ಹೀಗೆ ಬೆಳ್ಳಗಾಗಿದೆ. ಗದ್ದೆಯ ಬದು ಹಾಕಿದ ಹಾಗೆ ಮೆಟ್ಟಿಲು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲೂ ನೀರು. ಅಮೆರಿಕದ ಯೆಲ್ಲೊಸ್ಟೋನ್ ಪಾರ್ಕಿನ ಮ್ಯಾಮತ್ ಬುಗ್ಗೆಗಳಲ್ಲೂ ಹಾಗೆಯೇ. ಅಲ್ಲಿ ನೆಲದಡಿಯ ಸುಣ್ಣದ ಬಂಡೆಯನ್ನು ಕರಗಿಸಿಕೊಂಡ ನೀರು ಸುಮಾರು 73 ಡಿಗ್ರಿ ಬಿಸಿಯಲ್ಲಿ ಮೇಲೆ ಬರುತ್ತದೆ. ಹೊರಗಿನ ಗಾಳಿಗೆ ಬಂದ ಕೂಡಲೇ ಕಲ್ಲು ಕಟ್ಟಲು ಶುರು. ಈ ಕಲ್ಲಿಗೆ ಟ್ರಾವರ್ಟೈನ್ ಎಂದು ಹೆಸರು.

ಇಲ್ಲಿಯವರೆಗೆ ಜೀವಿಗಳಿಗೆ ಏನೂ ಕೆಲಸ ಇಲ್ಲ, ಅಲ್ವಾ? ಬಿಸಿಯಾಯಿತು, ಗಾಳಿ ಹೋಯಿತು, ಕಲ್ಲು ಕೂತಿತು. ನಾನೂ ಹಾಗೇ ಅಂದುಕೊಂಡಿದ್ದೆ. ಮುಂದಿನ ಮೂರು ಬಾಟಲಿಗಳು ನನ್ನ ಲೆಕ್ಕ ಬದಲಾಯಿಸಿದವು.

ಪಾಚಿಯ ಮೂರು ಬಾಟಲಿ

ಒಂದು ಲೀಟರ್ ಹಿಡಿಯುವ, ಒಂದೇ ಥರದ ಮೂರು ಗಾಜಿನ ಜಾಡಿ ತೆಗೆದುಕೊಳ್ಳಿ. ಗಡಸು ಬೋರ್ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಮುಕ್ಕಾಲು ತುಂಬಿಸಿ. ನಲ್ಲಿ ನೀರು ಬೇಡ. ಅದರಲ್ಲಿ ಕ್ಲೋರಿನ್ ಇರುತ್ತದೆ, ಸುಣ್ಣವೂ ಕಡಿಮೆ. ದನದ ನೀರಿನ ತೊಟ್ಟಿಯಲ್ಲೋ ನಾಲೆಯ ಅಂಚಿನಲ್ಲೋ ಕೂದಲಿನ ಹಾಗೆ ಬೆಳೆಯುವ ಹಸಿರು ಪಾಚಿ ಸ್ವಲ್ಪ ತನ್ನಿ. ಎರಡು ಸಲ ತೊಳೆದು ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ ಮಾಡಿ.

ಮೊದಲ ಜಾಡಿಗೆ ಒಂದು ಉಂಡೆ. ಎರಡನೆಯದಕ್ಕೂ ಒಂದು ಉಂಡೆ, ಆದರೆ ಆ ಜಾಡಿಗೆ ಸುತ್ತಲೂ ಕಪ್ಪು ಬಟ್ಟೆ ಸುತ್ತಿ. ಮೂರನೆಯದಕ್ಕೆ ಪಾಚಿ ಇಲ್ಲ, ಬರೀ ನೀರು. ಮೂರಕ್ಕೂ ಒಂದೊಂದು ನೈಲಾನ್ ದಾರ ಇಳಿಬಿಡಿ. ಕಲ್ಲು ಕೂತರೆ ದಾರದ ಮೇಲೆ ಬೇಗ ಕಾಣುತ್ತದೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಪೂರ್ವದ ಕಿಟಕಿಯಲ್ಲಿ ಇಡಿ. ಬೆಳಗಿನ ಬಿಸಿಲು ಸಾಕು. ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಸಿಕ್ಕಿದರೆ ಪಾಚಿ ಬೆಂದು ಹೋಗುತ್ತದೆ. ನನ್ನ ಮೊದಲ ಪ್ರಯತ್ನ ಹಾಗೇ ಹಾಳಾಯಿತು. ತಾರಸಿಯಲ್ಲಿ ಇಟ್ಟಿದ್ದೆ, ನಾಲ್ಕೇ ದಿನಕ್ಕೆ ನೀರು ನಾರಿತು.

ಅಕ್ವೇರಿಯಂ ಅಂಗಡಿಯಲ್ಲಿ ಪಿಹೆಚ್ ನೋಡುವ ಕಾಗದದ ಪಟ್ಟಿ ಸಿಗುತ್ತದೆ. 7 ಎಂದರೆ ನಡುಮಟ್ಟ. ಕೆಳಗಿಳಿದರೆ ಹುಳಿ, ಮೇಲೇರಿದರೆ ಸೋಪಿನ ನೀರಿನ ಗುಣ. ಬೆಳಿಗ್ಗೆ ಏಳು ಗಂಟೆಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಮೂರೂ ಜಾಡಿ ನೋಡಿ ಬರೆದಿಡಿ. ನೀರು ಇಂಗಿದಷ್ಟು ಅದೇ ಬೋರ್ ನೀರು ಸೇರಿಸಿ.

ನಾನು ಕಂಡದ್ದು ಇಷ್ಟು. ಬೆಳಕಿನ ಪಾಚಿ ಜಾಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಪಿಹೆಚ್ ಏರುತ್ತಿತ್ತು, ರಾತ್ರಿ ಕಳೆದರೆ ಇಳಿಯುತ್ತಿತ್ತು. ಕತ್ತಲ ಜಾಡಿಯಲ್ಲಿ ಏರಲೇ ಇಲ್ಲ. ಮೂರನೇ ವಾರಕ್ಕೆ ಬೆಳಕಿನ ಜಾಡಿಯ ಪಾಚಿ ಮುಟ್ಟಿದರೆ ಮರಳು ಸವರಿದಂತೆ ತರತರಿ. ಒಂದು ಎಳೆಯನ್ನು ತಟ್ಟೆಯಲ್ಲಿಟ್ಟು ವಿನೆಗರ್ ಬಿಟ್ಟೆ. ಚುರುಚುರು! ಗೀಸರಿನ ಚೂರಿನಿಂದ ಎದ್ದ ಅದೇ ಗುಳ್ಳೆ. ಇಲ್ಲಿ ಕರೆಂಟಿಲ್ಲ, ಬೆಂಕಿಯಿಲ್ಲ. ನೀರು ತಣ್ಣಗೇ ಇದೆ.

ಪಾಚಿ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳಲು ನೀರಿನಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಗೀಸರಿನಲ್ಲಿ ಬಿಸಿ ಮಾಡಿದ ಕೆಲಸವನ್ನು ಇಲ್ಲಿ ಪಾಚಿ ಮಾಡುತ್ತದೆ. ಹುಳಿ ಹೋಯಿತು, ಸುಣ್ಣ ಕೂತಿತು. ಮೂರನೇ ಜಾಡಿಯಲ್ಲಿ ನೀರಿನ ಮಟ್ಟದ ಹತ್ತಿರ ಗಾಜಿಗೆ ಬಿಳಿ ಗೆರೆ ಬಿದ್ದಿತ್ತು. ಅದು ನೀರು ಆರಿ ಆದದ್ದು. ದಾರ ನುಣುಪಾಗಿಯೇ ಇತ್ತು. ಆ ಜಾಡಿ ಇಡದಿದ್ದರೆ ಪಾಚಿ ಮಾಡಿದ್ದೆಷ್ಟು, ಆರಿ ಆದದ್ದೆಷ್ಟು ಎಂದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಜೋಡಿ ಇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮ್ಯಾಮತ್ ಬುಗ್ಗೆಯಲ್ಲಿ ಭೂವಿಜ್ಞಾನಿಗಳೂ ಇಂಥ ಹೋಲಿಕೆಯನ್ನೇ ಮಾಡಿ ನೋಡಿದ್ದಾರೆ. ಜೀವಿಗಳ ಲೋಳೆ ಇರುವಾಗ ಎಷ್ಟು ಬೇಗ ಕಲ್ಲು ಕೂರುತ್ತದೆ, ಅದನ್ನು ಕಡಿಮೆ ಮಾಡಿದಾಗ ಎಷ್ಟು ಎಂದು. ಲೋಳೆ ಇದ್ದಾಗ ವೇಗ ಜಾಸ್ತಿ. ಬುಗ್ಗೆಯ ಬಾಯಲ್ಲಿ ಜೀವಿಗಳು ಇಲ್ಲದಿದ್ದರೂ ಕಲ್ಲು ಕೂರುತ್ತದೆ, ಏಕೆಂದರೆ ಗಾಳಿ ತಾನಾಗೇ ರಭಸದಿಂದ ಹೊರಗೆ ಹೋಗುತ್ತಿರುತ್ತದೆ. ಆದರೆ ಬ್ಯಾಕ್ಟೀರಿಯಾದ ಎಳೆಗಳು ಸುಣ್ಣದ ಹರಳಿಗೆ ಕೂರಲು ಜಾಗ ಕೊಡುತ್ತವೆ. ಹರಿವ ನೀರಿನಲ್ಲಿ ಎಳೆಗಳು ಯಾವ ಕಡೆ ಬಾಗಿರುತ್ತವೋ ಕಲ್ಲೂ ಆ ಕಡೆಗೇ ಬಾಗಿ ಬೆಳೆಯುತ್ತದೆ. ಚೆನ್ನಾಗಿ ಬಿಸಿಯಿರುವ ಕಡೆ ಹರಳು ಸೂಜಿಯಂತೆ ಇರುತ್ತದೆ, ಅದು ಅರಗೊನೈಟ್. ನೀರು ತಣ್ಣಗಾದ ಕಡೆ ಹರಳು ದಪ್ಪ ತುಂಡಿನಂತೆ ಇರುತ್ತದೆ, ಅದು ಕ್ಯಾಲ್ಸೈಟ್. ಎರಡೂ ಅದೇ ಸುಣ್ಣ, ಜೋಡಣೆ ಮಾತ್ರ ಬೇರೆ. ನನ್ನ ಪ್ರಶ್ನೆಗೆ "ಇವರು, ಅವರು" ಎಂದು ಒಂದೇ ಉತ್ತರ ಇಲ್ಲ. ಬುಗ್ಗೆಯ ಬಾಯಿಂದ ಎಷ್ಟು ದೂರ ನಿಂತು ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಗದ್ದೆ ಕೆಸರಿನ ಬಾಟಲಿ

ಇದು ನನಗೆ ಎಲ್ಲಕ್ಕಿಂತ ಪ್ರೀತಿಯದು. ಬುಗ್ಗೆಗಳೆಲ್ಲ ಬಿಳಿ ಸುಣ್ಣದವಲ್ಲ. ಕೆಲವು ಗಂಧಕದ ವಾಸನೆಯವು. ಕೊಳೆತ ಮೊಟ್ಟೆಯ ವಾಸನೆ, ಕಪ್ಪು ಕೆಸರು, ಹಳದಿ ಪುಡಿ. ಅದರ ತಣ್ಣನೆಯ ತಮ್ಮನನ್ನು ನೋಡಬೇಕಾದರೆ ಮಂಡ್ಯ ಜಿಲ್ಲೆಯ ಯಾವ ಭತ್ತದ ಗದ್ದೆಗಾದರೂ ಇಳಿಯಿರಿ. ನೀರು ನಿಂತ ಗದ್ದೆಯಲ್ಲಿ ಒಂದು ಗೇಣು ಕೆಳಗೆ ಕೈ ಹಾಕಿದರೆ ಬರುವ ಕಪ್ಪು ಕೆಸರಿಗೂ ಅದೇ ವಾಸನೆ ಇರುತ್ತದೆ.

ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1880ರ ದಶಕದಲ್ಲಿ ಬೆಗಿಯಾಟೋವಾ ಎಂಬ ಎಳೆ ಎಳೆ ಬ್ಯಾಕ್ಟೀರಿಯಾವನ್ನು ಅಭ್ಯಾಸ ಮಾಡಿದರು. ಅದರ ಮೈಯೊಳಗೆ ಗಂಧಕದ ಕಾಳುಗಳಿದ್ದವು. ಗಬ್ಬು ವಾಸನೆಯ ಆ ಗಾಳಿ, ಅಂದರೆ ಹೈಡ್ರೋಜನ್ ಸಲ್ಫೈಡ್, ಇದಕ್ಕೆ ಸೌದೆಯಿದ್ದ ಹಾಗೆ, ಅದನ್ನು ಉರಿಸಿಯೇ ಇದು ಶಕ್ತಿ ಪಡೆಯುತ್ತದೆ ಎಂದು 1887ರಲ್ಲಿ ಅವರು ತೋರಿಸಿದರು. ಬರೀ ಖನಿಜವನ್ನು ಉರಿಸಿ ಬದುಕುವ ಜೀವಿಯುಂಟು ಎಂದು ಗೊತ್ತಾದದ್ದು ಹೀಗೆ. ಕೆಳಗೆ ಹೇಳುವ ಬಾಟಲಿಗೆ ಇವತ್ತಿಗೂ ಅವರದೇ ಹೆಸರು.

ಬೇಕಾದದ್ದು: ಎರಡು ಲೀಟರಿನ, ಉದ್ದನೆಯ, ಬಣ್ಣವಿಲ್ಲದ ಎರಡು ಬಾಟಲಿ. ಗದ್ದೆಯದೋ ಕೆರೆಯಂಚಿನದೋ ಕಪ್ಪು ಕೆಸರು ಅರ್ಧ ಬಕೆಟ್, ಜೊತೆಗೆ ಅಲ್ಲಿನದೇ ನೀರು. ಹಳೆ ಪೇಪರಿನ ಎರಡು ಹಾಳೆ. ಎರಡು ಚಮಚ ಜಿಪ್ಸಂ. ಎರಡು ಮೊಟ್ಟೆ. ಜಿಪ್ಸಂಗೆ ಎಲ್ಲಿಗೆ ಹೋಗುವುದು ಎಂದು ಕೇಳಬೇಡಿ. ಚೌಳು ಭೂಮಿಗೆ ಹಾಕಲು ರೈತರು ಕೊಳ್ಳುವುದು ಅದನ್ನೇ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಮೊಟ್ಟೆ ಮುಟ್ಟದ ಮನೆಯವರು ಬಿಟ್ಟುಬಿಡಿ, ಜಿಪ್ಸಂ ಒಂದೇ ಸಾಕು. ಬಣ್ಣ ಬರುವುದು ಸ್ವಲ್ಪ ತಡವಾಗಬಹುದು, ಅಷ್ಟೇ.

ಕೆಸರು ತರಲು ಊರಿಗೆ ಹೋದಾಗ ನಮ್ಮವ್ವ ಬದುವಿನ ಮೇಲೆ ನಿಂತು, "ಏನ್ಲಾ ಇದು, ಗದ್ದೆ ಕೆಸ್ರ ಮೈಸೂರಿಗೆ ತಗೊಂಡೋಗಿ ಏನ್ ಮಾಡೀಯೆ?" ಎಂದು ಕೇಳಿದರು. "ಬಣ್ಣ ಬತ್ತದೆ ಕಣವ್ವ, ತೋರುಸ್ತೀನಿ" ಎಂದೆ.

ಕೈಗವಸು ಹಾಕಿಕೊಳ್ಳಿ. ಕೆಸರಿನಿಂದ ಕಲ್ಲು, ಬೇರು, ಹುಳು ತೆಗೆದು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಮೂರನೇ ಒಂದು ಭಾಗ ಬೇರೆ ತೆಗೆದಿಟ್ಟು ಅದಕ್ಕೆ ಚೂರು ಚೂರು ಮಾಡಿದ ಪೇಪರ್, ಜಿಪ್ಸಂ, ಮೊಟ್ಟೆಯ ಹಳದಿ, ಪುಡಿ ಮಾಡಿದ ಮೊಟ್ಟೆಯ ಸಿಪ್ಪೆ ಬೆರೆಸಿ. ಇದು ಬಾಟಲಿಯ ತಳಕ್ಕೆ. ಉಳಿದ ಕೆಸರು ಇದರ ಮೇಲೆ. ತುಂಬುವಾಗ ಬಾಟಲಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟುತ್ತಿರಿ, ಗಾಳಿಗುಳ್ಳೆ ಉಳಿಯಬಾರದು. ಮೇಲೆ ಎರಡು ಬೆರಳು ನೀರು, ಅದರ ಮೇಲೆ ನಾಲ್ಕು ಬೆರಳು ಖಾಲಿ ಜಾಗ. ಒಂದು ಬಾಟಲಿ ಕಿಟಕಿಗೆ, ಇನ್ನೊಂದು ಬೀರುವಿನ ಕತ್ತಲಿಗೆ.

ಮುಚ್ಚಳವನ್ನು ಸುಮ್ನೆ ಕೂರಿಸಿ, ತಿರುಗಿಸಿ ಬಿಗಿ ಮಾಡಬೇಡಿ. ನಾನು ವಾಸನೆ ಬರಬಾರದೆಂದು ಬಿಗಿಯಾಗಿ ತಿರುಗಿಸಿಟ್ಟಿದ್ದೆ. ಹದಿನೆಂಟನೇ ದಿನ ತೆಗೆಯಲು ಹೋದಾಗ ಒಳಗೆ ತುಂಬಿದ್ದ ಗಾಳಿ ಕೆಸರನ್ನು ಗೋಡೆಗೆಲ್ಲ ಎರಚಿತು. ಮಗಳ ಕಣ್ಣಿಗೆ ಬೀಳದೇ ಇದ್ದದ್ದು ದೊಡ್ಡದು. ಆ ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಅದು ವಿಷ. ಬಾಟಲಿಯ ಬಾಯಿಗೆ ಮೂಗಿಟ್ಟು ಮೂಸಬೇಡಿ. ಮುಚ್ಚಳ ತೆಗೆಯುವುದಾದರೆ ಮನೆಯ ಹೊರಗೆ. ಮಕ್ಕಳು ಮಲಗುವ ಕೋಣೆಯಲ್ಲಿ ಇಡಬೇಡಿ.

ಮೊದಲ ವಾರ ಏನೂ ಆಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಎರಡು ಮೂರು ವಾರಕ್ಕೆ ತಳ ಕಾಡಿಗೆಯಂತೆ ಕಪ್ಪಾಗುತ್ತದೆ. ನಾವು ಆಮ್ಲಜನಕ ಉಸಿರಾಡುವ ಹಾಗೆ ತಳದ ಬ್ಯಾಕ್ಟೀರಿಯಾಗಳು ಜಿಪ್ಸಂನಲ್ಲಿರುವ ಸಲ್ಫೇಟನ್ನು ಉಸಿರಾಡುತ್ತವೆ. ಹೊರಗೆ ಬಿಡುವುದು ಹೈಡ್ರೋಜನ್ ಸಲ್ಫೈಡ್. ಅದು ಮಣ್ಣಿನ ಕಬ್ಬಿಣವನ್ನು ಕೂಡಿದರೆ ಕಬ್ಬಿಣದ ಸಲ್ಫೈಡ್, ಆ ಕಪ್ಪು ಬಣ್ಣ ಅದರದ್ದು. ನಿಮ್ಮ ಬಾಟಲಿಯಲ್ಲಿ ಖನಿಜ ಹುಟ್ಟಿತು! ಕಾಲ ಕಳೆದಂತೆ ಇಂಥ ಸಲ್ಫೈಡೇ ಪೈರೈಟ್ ಆಗುತ್ತದೆ, ಚಿನ್ನದ ಹಾಗೆ ಹೊಳೆಯುವ ಕಲ್ಲು. ಕತ್ತಲ ಬಾಟಲಿಯಲ್ಲೂ ಈ ಕಪ್ಪು ಬರುತ್ತದೆ. ಇದಕ್ಕೆ ಬೆಳಕು ಬೇಕಿಲ್ಲ.

ಮುಂದಿನದಕ್ಕೆ ಬೆಳಕು ಬೇಕು. ಐದಾರು ವಾರಕ್ಕೆ ಕಿಟಕಿಯ ಕಡೆಯ ಗಾಜಿಗೆ ಅಂಟಿಕೊಂಡು ನೇರಳೆ ಮಚ್ಚೆಗಳು ಏಳುತ್ತವೆ. ನನ್ನ ಬಾಟಲಿಯಲ್ಲಿ ಮೊದಲನೆಯದು ಮೂವತ್ತೊಂಬತ್ತನೇ ದಿನ ಬಂತು, ಕಡಲೆಕಾಳಿನಷ್ಟು. ಇವು ಕೆಳಗಿಂದ ಬರುವ ಸಲ್ಫೈಡನ್ನು ಬಿಸಿಲಿನ ಜೊತೆ ಬಳಸಿಕೊಂಡು ಬದುಕುವ ನೇರಳೆ ಗಂಧಕ ಬ್ಯಾಕ್ಟೀರಿಯಾ. ಮೈಯಲ್ಲಿ ಗಂಧಕದ ಕಾಳು ಕೂಡಿಡುತ್ತವೆ. ಅದರ ಕೆಳಗೆ, ಸಲ್ಫೈಡ್ ಇನ್ನೂ ಜಾಸ್ತಿ ಇರುವ ಕಡೆ, ಹಸಿರು ಗಂಧಕ ಬ್ಯಾಕ್ಟೀರಿಯಾದ ಪಟ್ಟಿ. ತೀರಾ ಮೇಲೆ ನೀಲಿಹಸಿರು ಸಯನೋಬ್ಯಾಕ್ಟೀರಿಯಾ, ಅವುಗಳಿಂದ ಆಮ್ಲಜನಕ. ಆಮ್ಲಜನಕ ಇಳಿಯುವಷ್ಟು ಆಳದಲ್ಲಿ ಕೆಸರಿಗೆ ತುಕ್ಕಿನ ಬಣ್ಣ. ಒಂದು ಮೊಳದ ಬಾಟಲಿಯಲ್ಲಿ ಒಬ್ಬರ ಕಸ ಇನ್ನೊಬ್ಬರ ಊಟ. ಯಾರು ಎಲ್ಲಿರಬೇಕು ಎಂದು ಯಾರೂ ಹೇಳಿಲ್ಲ. ಬೆಳಕು ಮೇಲಿಂದ, ಸಲ್ಫೈಡ್ ಕೆಳಗಿಂದ, ತಮಗೆ ಹೊಂದುವ ಜಾಗದಲ್ಲಿ ಅವು ನಿಂತಿವೆ.

ಪ್ರತಿ ಭಾನುವಾರ ಒಂದೇ ಜಾಗದಿಂದ ಒಂದು ಫೋಟೋ ತೆಗೆಯಿರಿ. ಬಾಟಲಿಗೆ ಕಾಗದ ಅಂಟಿಸಿ ತಾರೀಕು, ಕೆಸರು ತಂದ ಜಾಗ ಬರೆಯಿರಿ. ಬರೆಯದೆ ಇಟ್ಟ ಎರಡು ಬಾಟಲಿ ನನ್ನಲ್ಲಿವೆ, ಈಗ ಅವುಗಳ ಬಗ್ಗೆ ನಾನು ಏನನ್ನೂ ಖಚಿತವಾಗಿ ಹೇಳಲಾರೆ.

ನಿಜವಾದ ಬುಗ್ಗೆಗೆ ಹೋದಾಗ

ನಮ್ಮ ರಾಜ್ಯದಲ್ಲೇ ಪುತ್ತೂರಿನ ಹತ್ತಿರ ಬೆಂದ್ರು ತೀರ್ಥ ಇದೆ. ಅಲ್ಲಿ ನೀರು ಬೆಚ್ಚಗೆ ಬರುತ್ತದೆ, ಕುದಿಯುವುದಿಲ್ಲ. ಹಿಮಾಚಲದ ಮಣಿಕರಣ್‌ನಲ್ಲಿ ಬುಗ್ಗೆಯ ನೀರಿನಲ್ಲೇ ಅನ್ನ ಬೇಯಿಸುತ್ತಾರೆ. ಲಡಾಖ್‌ನ ಪುಗಾ ಕಣಿವೆಯಲ್ಲಿ ಬುಗ್ಗೆಯ ಸುತ್ತ ಗಂಧಕ, ಬೊರಾಕ್ಸ್ ಕೂತಿರುತ್ತವೆ.

ಎಲ್ಲಿಗೆ ಹೋದರೂ ಬಣ್ಣವನ್ನು ಥರ್ಮಾಮೀಟರಿನ ಹಾಗೆ ಓದಲು ಕಲಿಯಿರಿ. ಯೆಲ್ಲೊಸ್ಟೋನಿನ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆಯ ಚಿತ್ರ ನೀವು ನೋಡಿರುತ್ತೀರಿ. ಅಗಲ ನೂರು ಮೀಟರಿಗೂ ಜಾಸ್ತಿ. ನಡುವೆ ಕಡುನೀಲಿ, ಸುತ್ತಲೂ ಹಳದಿ, ಆಮೇಲೆ ಕಿತ್ತಳೆ, ಹೊರಗೆ ಕಂದು. ನಡುವಿನ ನೀರು ವಿಪರೀತ ಬಿಸಿ, ಅಲ್ಲಿ ಕಾಣುವುದು ಬರೀ ನೀರಿನ ನೀಲಿ. ಬೆಳಕಿನಿಂದ ಆಹಾರ ಮಾಡುವ ಯಾವ ಜೀವಿಯೂ ಸುಮಾರು 73 ಡಿಗ್ರಿ ದಾಟಿ ಬದುಕುವುದಿಲ್ಲ. ಹಳದಿ ಶುರುವಾಗುವ ಗೆರೆ ಹೆಚ್ಚುಕಡಿಮೆ ಆ ಎಲ್ಲೆ. ಅಲ್ಲಿಂದ ಹೊರಗೆ ತಣ್ಣಗಾದಂತೆ ಬೇರೆ ಬೇರೆ ಜಾತಿಯ ಲೋಳೆಹಾಸು, ಬೇರೆ ಬೇರೆ ಬಣ್ಣ. ನನ್ನ ಬಾಟಲಿಯ ಪಟ್ಟಿಗಳನ್ನು ಮಲಗಿಸಿ ಉಂಗುರ ಮಾಡಿದ ಹಾಗೆ ಕಾಣುತ್ತದೆ ನನಗೆ.

ನೀರಿನ ಮೇಲೆ ಎಣ್ಣೆಯ ಹಾಗೆ ಬಣ್ಣಬಣ್ಣದ ಪೊರೆ ಕಂಡರೆ ಒಂದು ಕಡ್ಡಿಯಿಂದ ಗೆರೆ ಎಳೆಯಿರಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ತೆಳು ಗಾಜಿನಂತೆ ಒಡೆದು ಚೂರು ಚೂರಾಗಿ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ. ಇದನ್ನು ನೋಡಲು ಬುಗ್ಗೆಯೇ ಬೇಕೆಂದಿಲ್ಲ. ಕಬ್ಬಿಣ ಜಾಸ್ತಿಯಿರುವ ಬೋರ್‌ವೆಲ್ ಪಕ್ಕದ ಹೊಂಡದಲ್ಲೂ ಇರುತ್ತದೆ. ಸೋಲಾರ್ ಹೀಟರಿನ ತಣ್ಣೀರು ಪೈಪಿನಲ್ಲಿ ನಾನು ಬೆರಳಿನಿಂದ ತೆಗೆಯುವ ಕೆಂಪು ಲೋಳೆಯೂ ಆ ಬಗೆಯದೇ.

ಬುಗ್ಗೆಯ ಅಂಚಿನ ಹಾಸನ್ನು ತುಳಿಯಬೇಡಿ, ಕಿತ್ತು ತರಬೇಡಿ. ಕಲ್ಲಿನ ಪದರ ತೆಳುವಾಗಿದ್ದು ಕೆಳಗೆ ಕುದಿನೀರು ಇರಬಹುದು. ಬೆಚ್ಚನೆಯ ನೀರಿನಲ್ಲಿ ತಲೆ ಮುಳುಗಿಸಬೇಡಿ. ಮೂಗಿನಿಂದ ಮಿದುಳಿಗೆ ಹೋಗುವ ಒಂದು ಅಮೀಬಾ ಅಂಥ ನೀರಿನಲ್ಲಿ ಇರಬಹುದು, ಅದು ತರುವ ಕಾಯಿಲೆಯಿಂದ ಉಳಿದವರು ತೀರಾ ಕಡಿಮೆ.

ಕಿತ್ತು ತರಬೇಡಿ ಎಂದಿದ್ದಕ್ಕೆ ಕಾರಣ ಇದೆ. 1966ರಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಯೆಲ್ಲೊಸ್ಟೋನಿನ ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ ಒಂದು ಹಳದಿ ಬ್ಯಾಕ್ಟೀರಿಯಾ ಹೊರತೆಗೆದರು. 70 ಡಿಗ್ರಿಯಲ್ಲಿ ಅದು ಸುಖವಾಗಿ ಬೆಳೆಯುತ್ತಿತ್ತು. 1969ರಲ್ಲಿ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. ಬಿಸಿಗೆ ಕೆಡದ ಅದರ ಒಂದು ಕಿಣ್ವವೇ ಮುಂದೆ ಪಿಸಿಆರ್ ಎಂಬ ಡಿಎನ್ಎ ಪರೀಕ್ಷೆಗೆ ಬೆನ್ನೆಲುಬಾಯಿತು. ಆ ವಿಧಾನ ಕಂಡುಹಿಡಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡೆವಲ್ಲ, ಆ ಪರೀಕ್ಷೆಯ ಬೇರು ಒಂದು ಬುಗ್ಗೆಯ ಅಂಚಿನ ಹಾಸಿನಲ್ಲಿದೆ.

ನನಗೆ ರೋಮಾಂಚನ ಆದದ್ದು ಇದರ ಮುಂದಿನ ಸಂಗತಿಯಿಂದ. 1973ರಲ್ಲಿ ಬ್ರಾಕ್ ಮತ್ತೊಬ್ಬರ ಜೊತೆ ಸೇರಿ ಮನೆಗಳ, ಲಾಂಡ್ರಿಗಳ ಬಿಸಿನೀರಿನ ಟ್ಯಾಂಕುಗಳಲ್ಲಿ ಹುಡುಕಿದರು. ಥರ್ಮಸ್‌ನಂಥ ಬ್ಯಾಕ್ಟೀರಿಯಾ ಅಲ್ಲೂ ಇತ್ತು. ಇಪ್ಪತ್ತೆರಡು ವರ್ಷ ನಾನು ಬಿಚ್ಚಿ ಜೋಡಿಸಿದ ಡಬ್ಬಿಗಳಲ್ಲಿ ಎಷ್ಟರಲ್ಲಿ ಇತ್ತೋ! ಅದರಿಂದ ಹೆದರಬೇಕಾಗಿಲ್ಲ, ನಮ್ಮ ಮೈಯ ಬಿಸಿ ಅದಕ್ಕೆ ಚಳಿ. ಹೆದರಬೇಕಾದದ್ದು ಉಗುರುಬೆಚ್ಚಗಿನ ನೀರಿಗೆ. ಸುಮಾರು 20ರಿಂದ 45 ಡಿಗ್ರಿ ನಡುವೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು, ಅದು ನ್ಯುಮೋನಿಯಾ ತರುತ್ತದೆ. ಕರೆಂಟು ಉಳಿಸಲು ಗೀಸರನ್ನು 40ಕ್ಕೆ ಇಡುವವರಿಗೆ ನಾನು ಹೇಳುವುದು ಒಂದೇ: 60ಕ್ಕೆ ಇಡಿ, ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿಕೊಳ್ಳಿ.

ಪ್ರಯೋಗ ಮುಗಿದ ಮೇಲೆ ಕೆಸರನ್ನು ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟುತ್ತದೆ. ಬಯಲಿನಲ್ಲಿ ಬಾಯಿ ತೆರೆದಿಟ್ಟು ವಾಸನೆ ಹೋಗಲು ಬಿಡಿ, ಆಮೇಲೆ ತಂದ ಗದ್ದೆಗೇ ಹಾಕಿ. ನಾನು ಕತ್ತಲ ಬಾಟಲಿಯನ್ನು ಹೋದ ವರ್ಷ ಹಾಗೇ ಮಾಡಿದೆ. ಕಿಟಕಿಯದನ್ನು ಉಳಿಸಿಕೊಂಡಿದ್ದೇನೆ. ಯುಗಾದಿಗೆ ನಮ್ಮವ್ವ ಮೈಸೂರಿಗೆ ಬಂದಾಗ ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಕನ್ನಡಕ ಒರೆಸಿ ಒರೆಸಿ ನೋಡಿದರು. ನೇರಳೆ ಪಟ್ಟಿಯ ಮೇಲೆ ಬೆರಳಿಟ್ಟು, "ಇದೆಲ್ಲ ನಮ್ ಗದ್ದೇಲೇ ಇತ್ತಾ?" ಎಂದು ಕೇಳಿದರು. "ಇತ್ತು ಕಣವ್ವ" ಎಂದೆ.